ಉಯೆನೊದಲ್ಲಿದ್ದ ಮೈಸೂರಿನ ಆನೆ

ಟೋಕಿಯೊದ ಉಯೆನೊ ಮೃಗಾಲಯ ಶುರುವಾದದ್ದು 1882ರಲ್ಲಿ. ಜಪಾನಿನ ಮೊತ್ತಮೊದಲ ಮೃಗಾಲಯ ಅದು. ಉಯೆನೊ ಎಂದ ಕೂಡಲೇ ಯಾರ ಬಾಯಲ್ಲೂ ಬರುವುದು ಚೀನಾದ ಪಾಂಡಾಗಳ ಮಾತು. 1972ರಲ್ಲಿ ಆ ಎರಡು ದೇಶಗಳು ಮತ್ತೆ ಮಾತಿಗೆ ಬಂದಾಗ ಕಾಣಿಕೆಯಾಗಿ ಬಂದ ಪಾಂಡಾಗಳನ್ನು ನೋಡಲು ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದರಂತೆ. ಆದರೆ ಅದಕ್ಕೂ 23 ವರ್ಷ ಮೊದಲೇ ನಮ್ಮ ಮೈಸೂರಿನಿಂದ ಹೊರಟ ಹೆಣ್ಣಾನೆಯೊಂದು ಇದೇ ಜಾಗಕ್ಕೆ ಬಂದಿತ್ತು. ಸಾಯುವವರೆಗೂ, ಅಂದರೆ 34 ವರ್ಷ, ಇಲ್ಲೇ ಇತ್ತು. ಅದರ ಹೆಸರು ಇಂದಿರಾ.

ಭಾರತ ಮತ್ತು ಜಪಾನ್ ನಡುವಿನ ಸ್ನೇಹ ನಮಗೆ ನೆನಪಾಗುವುದು ಇಬ್ಬರು ಪ್ರಧಾನಿಗಳು ಕೈಕುಲುಕಿದ ಫೋಟೋ ಪೇಪರಿನಲ್ಲಿ ಬಂದ ದಿನ. ಬುಲೆಟ್ ರೈಲು, ಇಷ್ಟು ಸಾವಿರ ಕೋಟಿ ಸಾಲ, ಜಂಟಿ ಹೇಳಿಕೆ, ಮರುದಿನ ಮರೆತುಹೋಗುತ್ತದೆ. ಟೋಕಿಯೊದಲ್ಲಿ ಕೆಲಸಕ್ಕಿರುವ ಅಕ್ಕನ ಮಗನ ಮನೆಯಲ್ಲಿ ಐದು ದಿನ ಉಳಿಯುವ ಅವಕಾಶ ಸಿಕ್ಕಾಗ, ಆ ಸ್ನೇಹವನ್ನು ಊರಿನೊಳಗೆ ನಡೆದಾಡಿಯೇ ನೋಡಬಹುದೇ ಎಂದು ಒಂದು ಪಟ್ಟಿ ಮಾಡಿಕೊಂಡೆ. ಒಂದು ಕೊಳ, ಒಂದು ಮೃಗಾಲಯ, ಒಂದು ಬಂದರು, ಒಂದು ಹೋಟೆಲು, ಒಂದು ಸಣ್ಣ ದೇವಸ್ಥಾನ, ಒಂದು ವಿವಾದದ ಗುಡಿ. ಪಟ್ಟಿ ನೋಡಿದ ಅಳಿಯ, “ಮಾವ, ಎಲ್ಲರೂ ಫ್ಯೂಜಿ ಪರ್ವತ ನೋಡಲಿಕ್ಕೆ ಬರ್ತಾರೆ, ನೀವು ಸ್ಮಶಾನ, ದೇವಸ್ಥಾನ ಅಂತ ಹೊರಟಿದ್ದೀರಲ್ಲ” ಎಂದು ನಕ್ಕ. ಆದರೂ ಎರಡು ದಿನ ರಜೆ ಹಾಕಿ ಜೊತೆಗೆ ಬಂದ.

ಉಯೆನೊ ಮೃಗಾಲಯದ ಪಕ್ಕದಲ್ಲೇ ಶಿನೊಬಾಜು ಎಂಬ ದೊಡ್ಡ ತಾವರೆ ಕೊಳವಿದೆ. ಕೊಳದ ನಡುವೆ ಒಂದು ದ್ವೀಪ, ದ್ವೀಪದಲ್ಲಿ ಎಂಟು ಮೂಲೆಯ ಒಂದು ದೇವಾಲಯ. ಒಳಗಿರುವ ದೇವಿ ಬೆಂಜಾಯ್‌ಟೆನ್. ಅಂದರೆ ನಮ್ಮ ಸರಸ್ವತಿ. ಬೌದ್ಧಧರ್ಮದ ಜೊತೆ ಚೀನಾ ದಾರಿಯಾಗಿ ಇಲ್ಲಿಗೆ ಬಂದವಳು. ವೀಣೆಯ ಬದಲು ಬೀವಾ ಎಂಬ ಜಪಾನಿ ತಂತಿವಾದ್ಯ. ಅಂಗಳದಲ್ಲಿ ಕಲ್ಲಿನ ಬುಡದ ಮೇಲೆ ದೊಡ್ಡದೊಂದು ಬೀವಾ ನಿಲ್ಲಿಸಿದ್ದಾರೆ. ನೀರಿನ ಸಂಬಂಧವನ್ನು ಮಾತ್ರ ಅವಳು ಬಿಟ್ಟಿಲ್ಲ. ನದಿಯ ಹೆಸರಿನ ದೇವಿಗೆ ಜಪಾನಿನಲ್ಲಿ ಗುಡಿ ಕಟ್ಟುವುದು ಹೆಚ್ಚಾಗಿ ಕೊಳ, ಕೆರೆ, ಸಮುದ್ರದ ಬದಿಯಲ್ಲೇ. ಹಳೆಯ ದೇವಾಲಯ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ, ಈಗಿರುವುದು 1958ರಲ್ಲಿ ಕಟ್ಟಿದ್ದು. ಸುತ್ತಮುತ್ತ ಚಿತ್ರವಿಚಿತ್ರ ಸ್ಮಾರಕ ಕಲ್ಲುಗಳಿವೆ. ಕನ್ನಡಕಕ್ಕೂ ಒಂದು ಕಲ್ಲು, ಜನ ತಿನ್ನುವ ವಿಷದ ಮೀನಿಗೂ ಒಂದು ಕಲ್ಲು.

ಇಂದ್ರ, ಲಕ್ಷ್ಮಿ, ಮಹಾಕಾಲ, ಇವರೆಲ್ಲ ಜಪಾನಿನಲ್ಲಿ ಬೇರೆ ಹೆಸರಿನಲ್ಲಿ ಇದ್ದಾರೆ. ದೇವರಿಗಿಂತಲೂ ನನಗೆ ಹೆಚ್ಚು ಆಶ್ಚರ್ಯವಾದದ್ದು ಅಳಿಯನ ಮಗಳ ಪಾಠ ಕೇಳಿದಾಗ. ಎರಡನೆಯ ಕ್ಲಾಸಿನ ಹುಡುಗಿ. ಜಪಾನಿ ಅಕ್ಷರಮಾಲೆ ಹೇಳಿ ತೋರಿಸಿದಳು: ಅ, ಇ, ಉ, ಎ, ಒ, ಆಮೇಲೆ ಕ ಸಾಲು, ಸ ಸಾಲು, ತ ಸಾಲು, ನ ಸಾಲು, ಹ, ಮ, ಯ, ರ, ವ. ಮೊದಲು ಸ್ವರ, ಆಮೇಲೆ ಗಂಟಲಿನಿಂದ ತುಟಿಯ ಕಡೆಗೆ ಬರುವ ವ್ಯಂಜನ. ನಮ್ಮ ವರ್ಣಮಾಲೆಯದೇ ಕ್ರಮ. ಸಂಸ್ಕೃತ ಮಂತ್ರಗಳನ್ನು ಬರೆಯುವ ಸಿದ್ಧಂ ಲಿಪಿಯನ್ನು ಕಲಿತ ಜಪಾನಿನ ಬೌದ್ಧ ಭಿಕ್ಷುಗಳಿಂದ ಈ ಕ್ರಮ ಬಂತು. “ಅಜ್ಜ, ನಿಮಗೂ ಬರ್ತದಾ?” ಎಂದು ಅವಳು ಕೇಳಿದಳು. ನಾನು ನಮ್ಮ ಕಾಗುಣಿತ ಹೇಳಿದೆ. ಇಬ್ಬರದೂ ಸುಮಾರು ದೂರ ಜೊತೆಯಾಗಿಯೇ ಹೋಯಿತು.

ಈ ಹಳೆಯ ನಂಟಿನಲ್ಲಿ ಹೆಸರು ಗೊತ್ತಿರುವ ಮೊದಲ ಭಾರತೀಯ ಬೋಧಿಸೇನ. ದಕ್ಷಿಣ ಭಾರತದ ಈ ಭಿಕ್ಷು ಚೀನಾಕ್ಕೆ ಹೋಗಿ, ಅಲ್ಲಿಂದ 736ರಲ್ಲಿ ಜಪಾನಿಗೆ ಬಂದ. ನಾರಾ ನಗರದ ತೋದಾಯ್‌ಜಿಯಲ್ಲಿ ಕಂಚಿನ ಮಹಾಬುದ್ಧನ ಕಣ್ಣು ತೆರೆಸುವ ವಿಧಿ 752ರಲ್ಲಿ ನಡೆದಾಗ ಕುಂಚ ಹಿಡಿದು ಬುದ್ಧನಿಗೆ ಕಣ್ಣು ಬರೆದವನು ಅವನೇ. ಆ ಕುಂಚಕ್ಕೆ ಉದ್ದದ ದಾರ ಕಟ್ಟಿ, ನೆರೆದವರು ಅದನ್ನು ಹಿಡಿದುಕೊಂಡಿದ್ದರಂತೆ. ಬರೆದ ಪುಣ್ಯ ಎಲ್ಲರಿಗೂ ಸಿಗಲಿ ಎಂದು. ಬೋಧಿಸೇನ ಊರಿಗೆ ಮರಳಲಿಲ್ಲ. ಜಪಾನಿನಲ್ಲೇ ತೀರಿಕೊಂಡ.

ಕೊಳದಿಂದ ಮೃಗಾಲಯದ ಒಳಗೆ ಬಂದರೆ ಹಳೆಯ ಐದು ಅಂತಸ್ತಿನ ಪಗೋಡ ಕಾಣುತ್ತದೆ. ಅಲ್ಲೇ ಆಸುಪಾಸಿನಲ್ಲಿ ಆನೆಗಳ ಅಂಗಳ, ಸತ್ತ ಪ್ರಾಣಿಗಳ ನೆನಪಿಗೆ ಒಂದು ಸ್ಮಾರಕ. ಇಂದಿರಾಳ ಕತೆ ಶುರುವಾಗುವುದು ಈ ಸ್ಮಾರಕದಿಂದ. 1943ರಲ್ಲಿ ಟೋಕಿಯೊದ ಮೇಲೆ ವಿಮಾನ ದಾಳಿ ಆದೀತು, ಪಂಜರ ಒಡೆದು ಪ್ರಾಣಿಗಳು ಬೀದಿಗೆ ಬಂದಾವು ಎಂಬ ಕಾರಣ ಕೊಟ್ಟು, ಅಪಾಯಕಾರಿ ಪ್ರಾಣಿಗಳನ್ನೆಲ್ಲ ಕೊಲ್ಲಲು ಸರಕಾರಿ ಆದೇಶ ಬಂತು. ಸಿಂಹ, ಹುಲಿ, ಕರಡಿಗಳು ಹೋದವು. ಮೂರು ಆನೆಗಳಿದ್ದವು, ಜಾನ್, ಟೊಂಕಿ, ವಾನ್‌ಲಿ. ಅವುಗಳಿಗೆ ಅನ್ನ ನೀರು ನಿಲ್ಲಿಸಿ ಸಾಯಲು ಬಿಟ್ಟರು. ಈ ದುಃಖದ ಕತೆ ಯುದ್ಧದ ನಂತರ ಮಕ್ಕಳ ಪುಸ್ತಕವಾಗಿ ಜಪಾನಿನ ಮನೆಮನೆ ತಲುಪಿದೆ.

ಯುದ್ಧ ಮುಗಿದಾಗ ಇಡೀ ಜಪಾನಿನಲ್ಲಿ ಉಳಿದದ್ದು ಕೆಲವೇ ಆನೆಗಳು. ನಗೋಯಾ ನಗರದ ಮೃಗಾಲಯ ಎರಡನ್ನು ಹೇಗೋ ಉಳಿಸಿಕೊಂಡಿತ್ತು. ಒಂದನ್ನು ನಮಗೆ ಕೊಡಿ ಎಂದು ಉಯೆನೊ ಇರುವ ತಾಯ್ತೊ ವಾರ್ಡಿನ ಮಕ್ಕಳು ಕೇಳಿಕೊಂಡರು. ಆ ಜೋಡಿಯನ್ನು ಅಗಲಿಸಲು ಆಗುವುದಿಲ್ಲ ಎಂದು ನಗೋಯಾದವರು ಹೇಳಿದರು. ಬದಲಿಗೆ ಆನೆ ನೋಡಲು ಮಕ್ಕಳನ್ನೇ ಅಲ್ಲಿಗೆ ಕರೆದೊಯ್ಯುವ ವಿಶೇಷ ರೈಲುಗಳು 1949ರಲ್ಲಿ ಓಡಿದವು. ಆಗ ಟೋಕಿಯೊದ ಮಕ್ಕಳು ಆನೆಯ ನಾಡಿನ ಪ್ರಧಾನಿಗೇ ಬರೆದರು. ನೂರಾರು ಪತ್ರಗಳು ಮತ್ತು ಚಿತ್ರಗಳು ನೆಹರೂ ಅವರ ಕೈಸೇರಿದವು.

ಆ ವರ್ಷ ಯಾವುದೆಂದು ಸ್ವಲ್ಪ ನೆನಪಿಸಿಕೊಳ್ಳಬೇಕು. ದೇಶ ಒಡೆದು ಎರಡೇ ವರ್ಷ. ದೆಹಲಿ ತುಂಬ ನಿರಾಶ್ರಿತರು, ಎಲ್ಲೆಡೆ ರೇಷನ್. ಜಪಾನ್ ಆಗಿನ್ನೂ ಸ್ವತಂತ್ರ ದೇಶವಲ್ಲ, ಮಿತ್ರಪಡೆಗಳ ಆಡಳಿತದಲ್ಲಿತ್ತು. ಭಾರತಕ್ಕೆ ಅದರಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಮೈಸೂರಿನ ಕಡೆಯ ಹದಿನೈದು ವರ್ಷದ ಆನೆಯೊಂದನ್ನು ಆರಿಸಿ, ತಮ್ಮ ಮಗಳ ಹೆಸರಿಟ್ಟು, ನೆಹರೂ ಹಡಗು ಹತ್ತಿಸಿದರು. ಜೊತೆಗೆ ಮಕ್ಕಳಿಗೊಂದು ಪತ್ರ. ಇದು ನಾನು ಕಳಿಸಿದ ಉಡುಗೊರೆಯೆಂದು ತಿಳಿಯಬೇಡಿ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕಳಿಸಿದ್ದು ಎಂಬುದು ಅದರ ಸಾರ. 1949ರ ಸೆಪ್ಟೆಂಬರಿನಲ್ಲಿ ಇಂದಿರಾ ಟೋಕಿಯೊ ತಲುಪಿತು. ಅದೇ ತಿಂಗಳು ಥಾಯ್ಲೆಂಡಿನಿಂದಲೂ ಒಂದು ಮರಿಯಾನೆ ಬಂತು. ಆನೆಯೇ ಇಲ್ಲದ ಊರಿನಲ್ಲಿ ಒಮ್ಮೆಗೇ ಎರಡಾದವು.

ಇಂದಿರಾಳ ಜೊತೆ ನಮ್ಮ ಮಾವುತರೂ ಬಂದಿದ್ದರು. ಆನೆಗೆ ಗೊತ್ತಿದ್ದದ್ದು ಅವರ ಮಾತು ಮಾತ್ರ. ಕೂರು, ಏಳು, ಕಾಲೆತ್ತು ಎಂಬುದನ್ನು ಯಾವ ಶಬ್ದದಲ್ಲಿ, ಯಾವ ದನಿಯಲ್ಲಿ ಹೇಳಬೇಕೆಂದು ಉಯೆನೊದ ಪಾಲಕರು ಮಾವುತರಿಂದ ಕಲಿಯಬೇಕಾಯಿತು. ಕಲಿಸಿ ಮುಗಿಸಿ ಮಾವುತರು ಊರಿಗೆ ಹೊರಟರು, ಆನೆ ಉಳಿಯಿತು. ಹೊರಗಿನ ಊರಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ತನ್ನ ಮಾತು ಬಲ್ಲವರು ಹಡಗು ಹತ್ತಿ ಹೋದ ದಿನ ಆ ಆನೆಗೆ ಏನನ್ನಿಸಿತೋ.

ಮುಂದಿನ ವರ್ಷ ಇಂದಿರಾ ಜಪಾನಿನ ಊರೂರು ಸುತ್ತಿತು. ಟೋಕಿಯೊಗೆ ಬರಲಾಗದ ಮಕ್ಕಳಿಗೂ ಆನೆ ತೋರಿಸಬೇಕೆಂದು ಸಂಚಾರಿ ಮೃಗಾಲಯ ಮಾಡಿ ಕರೆದೊಯ್ದರು. 1957ರಲ್ಲಿ ನೆಹರೂ ಜಪಾನಿಗೆ ಬಂದಾಗ, ಮಗಳು ಇಂದಿರಾ ಜೊತೆ ಮೃಗಾಲಯಕ್ಕೂ ಬಂದು ಆನೆ ಇಂದಿರಾಳನ್ನು ಕಂಡರು. ಆನೆ ಸತ್ತದ್ದು 1983ರ ಆಗಸ್ಟಿನಲ್ಲಿ. ಆಗ ಇಂದಿರಾ ಗಾಂಧಿ ಪ್ರಧಾನಿ. ಮರುವರ್ಷ ಭಾರತದಿಂದ ಆಶಾ, ದಯಾ ಎಂಬ ಇನ್ನೆರಡು ಆನೆಗಳು ಹೋದವು. ಅದೇ 1983ರ ಡಿಸೆಂಬರಿನಲ್ಲಿ ಜಪಾನಿನ ಸುಝುಕಿ ಕಂಪನಿಯ ಜೊತೆಗೂಡಿ ತಯಾರಿಸಿದ ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಇಂದಿರಾ ಗಾಂಧಿ ಅದನ್ನು ಕೊಂಡವರ ಕೈಗೆ ಕೊಟ್ಟರು. ಆನೆ ಕೊಟ್ಟ ಮನೆಗೆ ಕಾರು ಬಂತು ಎಂದು ಅಳಿಯ ತಮಾಷೆ ಮಾಡಿದ.

ತಮಾಷೆಯ ಹಿಂದೆ ಲೆಕ್ಕವೂ ಇದೆ. 1951ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸುಮಾರು ಐವತ್ತು ದೇಶಗಳು ಜಪಾನಿನೊಡನೆ ಶಾಂತಿ ಒಪ್ಪಂದಕ್ಕೆ ಸೇರಿದಾಗ ಭಾರತ ಹೋಗಲಿಲ್ಲ. ಆ ಒಪ್ಪಂದ ಜಪಾನಿಗೆ ಸಮಾನ ಗೌರವದ ಜಾಗ ಕೊಡುವುದಿಲ್ಲ, ವಿದೇಶಿ ಸೈನ್ಯ ಅಲ್ಲೇ ಉಳಿಯುವಂತೆ ಮಾಡುತ್ತದೆ ಎಂಬುದು ನೆಹರೂ ಸರಕಾರದ ಆಕ್ಷೇಪ. 1952ರ ಏಪ್ರಿಲ್ 28ರಂದು ರಾಜತಾಂತ್ರಿಕ ಸಂಬಂಧ ಆರಂಭವಾಯಿತು. ಜೂನ್ 9ರಂದು ಟೋಕಿಯೊದಲ್ಲಿ ಭಾರತ ತನ್ನದೇ ಪ್ರತ್ಯೇಕ ಒಪ್ಪಂದಕ್ಕೆ ಸಹಿ ಹಾಕಿ, ಯುದ್ಧಪರಿಹಾರವನ್ನು ಪೂರ್ತಿ ಬಿಟ್ಟುಕೊಟ್ಟಿತು. ಆರು ವರ್ಷದ ನಂತರ, 1958ರಲ್ಲಿ, ಜಪಾನ್ ಬೇರೊಂದು ದೇಶಕ್ಕೆ ಮೊದಲ ಬಾರಿ ಯೆನ್ ಸಾಲ ಕೊಡಲು ಶುರು ಮಾಡಿದಾಗ ಅದನ್ನು ಪಡೆದದ್ದು ಭಾರತ. ನಮ್ಮ ಕಬ್ಬಿಣದ ಅದಿರು ಬಂದರುಗಳಿಂದ ಅವರ ಉಕ್ಕಿನ ಕಾರ್ಖಾನೆಗಳಿಗೆ ಹೋಯಿತು. ಬೈಲಾಡಿಲಾದ ಗಣಿ ಮತ್ತು ಅಲ್ಲಿಂದ ವಿಶಾಖಪಟ್ಟಣಕ್ಕೆ ಬರುವ ರೈಲು ದಾರಿಯ ಹಿಂದೆ ಇದ್ದದ್ದು ಈ ವ್ಯಾಪಾರವೇ.

ವ್ಯಾಪಾರದ ಹಾದಿ ಅದಕ್ಕಿಂತ ಹಳೆಯದು ಎಂಬುದಕ್ಕೆ ಮೂರನೆಯ ದಿನ ಯೊಕೊಹಾಮಾಕ್ಕೆ ಹೋದೆ. ಟೋಕಿಯೊದಿಂದ ರೈಲಿನಲ್ಲಿ ಅರ್ಧ ಗಂಟೆ. ಬಂದರಿನ ಎದುರಿನ ಯಾಮಾಶಿತಾ ಪಾರ್ಕಿನಲ್ಲಿ ಕುಳಿತರೆ ಹಡಗುಗಳು ಕಾಣುತ್ತವೆ. 1893ರ ಜುಲೈನಲ್ಲಿ ಈ ಬಂದರಿನಿಂದ ಹೊರಟ ‘ಎಂಪ್ರೆಸ್ ಆಫ್ ಇಂಡಿಯಾ’ ಹಡಗಿನಲ್ಲಿ ಇಬ್ಬರು ಭಾರತೀಯರಿದ್ದರು. ಒಬ್ಬರು ಚಿಕಾಗೊಗೆ ಹೊರಟಿದ್ದ ಸ್ವಾಮಿ ವಿವೇಕಾನಂದ, ಇನ್ನೊಬ್ಬರು ಜೆಮ್‌ಶೆಟ್‌ಜಿ ಟಾಟಾ. ವಿಜ್ಞಾನದ ಸಂಶೋಧನೆಗೆ ನಮ್ಮಲ್ಲೇ ಒಂದು ಸಂಸ್ಥೆ ಬೇಕೆಂಬ ಟಾಟಾ ಅವರ ಯೋಚನೆಯ ಸುತ್ತ ಮುಂದೆ ಇಬ್ಬರ ನಡುವೆ ಪತ್ರವೂ ನಡೆಯಿತು. ಅದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಾಗಿ ನಿಂತಿದೆ. ಟಾಟಾ ಆ ವರ್ಷ ಜಪಾನಿಗೆ ಬಂದದ್ದು ಮುಂಬೈ ಹತ್ತಿಯ ಕೆಲಸಕ್ಕೆ. ಯುರೋಪಿನ ಹಡಗು ಕಂಪನಿಗಳ ಬಾಡಿಗೆ ತಾಳಲಾರದೆ ಅವರು ಜಪಾನಿನ ಎನ್‌ವೈಕೆ ಕಂಪನಿಯ ಜೊತೆ ಸೇರಿ ಮುಂಬೈ–ಕೋಬೆ ಮಾರ್ಗ ಆರಂಭಿಸಿದರು. ಬೆಂಗಳೂರಿನಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಕೇಳಿರಬಹುದು. ರೇಷ್ಮೆ ಕೆಲಸ ಕಲಿಸಲು ಜಪಾನಿನ ತಜ್ಞರನ್ನು ಕರೆಸಿ ಅವರು ನಡೆಸಿದ ತೋಟದ ಗುರುತು ಅದು.

ಐದು ವರ್ಷದ ನಂತರ, 1898ರಲ್ಲಿ, ನಮ್ಮವರೇ ಒಬ್ಬರು ಜಪಾನಿಗೆ ಬಂದರು. ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಅಂದರೆ ಅವರೂ ಆಗ ನಮ್ಮ ಹಾಗೆ ಹೊರನಾಡ ಕನ್ನಡಿಗರೇ. ಮೂವತ್ತು ವರ್ಷದಲ್ಲಿ ಒಂದು ದೇಶ ಶಾಲೆ ಮತ್ತು ಕಾರ್ಖಾನೆಗಳಿಂದ ಹೇಗೆ ಎದ್ದು ನಿಂತಿತೆಂದು ನೋಡಿ ಹೋದರು. 1912ರಲ್ಲಿ ಮೈಸೂರಿನ ದಿವಾನರಾದ ಮೇಲೆ ಬ್ಯಾಂಕು, ವಿಶ್ವವಿದ್ಯಾಲಯ, ಕೈಗಾರಿಕೆ ಎಂದು ಅವರು ಹಿಡಿದ ಕೆಲಸದಲ್ಲಿ ಆ ಪಾಠ ಕಾಣುತ್ತದೆ. ಅವರ ಬರಹಗಳಲ್ಲಿ ಜಪಾನಿನ ಉದಾಹರಣೆ ಮತ್ತೆ ಮತ್ತೆ ಬರುತ್ತದೆ.

ಶಿಂಜುಕು ಎಂದರೆ ಟೋಕಿಯೊದ ಅತಿ ಗದ್ದಲದ ಜಾಗ. ಅಲ್ಲಿನ ನಾಕಾಮುರಾಯಾ ಎಂಬ ಹೆಸರಾಂತ ಅಂಗಡಿಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತೆವು. ಮೆನುವಿನಲ್ಲಿ ಇಂಡಿಯನ್ ಕರಿ. ಮೂಳೆ ಸಮೇತ ಬೇಯಿಸಿದ ಕೋಳಿ ಸಾರು ಬೇರೆ ಪಾತ್ರೆಯಲ್ಲಿ, ಅನ್ನ ಬೇರೆ. ನಮ್ಮ ಕೋರಿ ಗಸಿಯ ಖಾರಕ್ಕೆ ಒಗ್ಗಿದ ನಾಲಿಗೆಗೆ ಸೌಮ್ಯವೇ. ಆದರೆ ಜಪಾನಿನಲ್ಲಿ ಎಲ್ಲೆಡೆ ಸಿಗುವ, ಹಿಟ್ಟು ಹಾಕಿ ಗಟ್ಟಿ ಮಾಡಿದ ಸಿಹಿ ಕರಿಯಂತೆ ಅಲ್ಲ. ಆ ಕರಿ ಬ್ರಿಟಿಷರ ಕೈಯಿಂದ ಬಂದದ್ದು, ಇದು ಬ್ರಿಟಿಷರಿಂದ ತಪ್ಪಿಸಿಕೊಂಡು ಬಂದವರದ್ದು.

1912ರಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ವೈಸ್‌ರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಎಸೆದ ಸಂಚಿನ ಹಿಂದಿದ್ದವರು ರಾಸ್ ಬಿಹಾರಿ ಬೋಸ್. 1915ರಲ್ಲಿ ತಲೆಮರೆಸಿಕೊಂಡು ಜಪಾನಿಗೆ ಬಂದರು. ಬ್ರಿಟನ್ ಮತ್ತು ಜಪಾನ್ ಆಗ ಮಿತ್ರದೇಶಗಳು. ಬ್ರಿಟನ್ನಿನ ಒತ್ತಾಯಕ್ಕೆ ಜಪಾನ್ ಸರಕಾರ ಗಡೀಪಾರಿನ ಆದೇಶ ಹೊರಡಿಸಿತು. ಸರಕಾರ ಹೊರಗೆ ಹಾಕಲು ಹೊರಟವರನ್ನು ಒಳಗೆ ಬಚ್ಚಿಟ್ಟದ್ದು ಬ್ರೆಡ್ ಅಂಗಡಿ ನಡೆಸುತ್ತಿದ್ದ ಸೋಮಾ ದಂಪತಿ. 1918ರಲ್ಲಿ ಅವರ ಮಗಳು ತೋಶಿಕೊ ಬೋಸರನ್ನು ಮದುವೆಯಾದರು. ಸದಾ ಮನೆ ಬದಲಿಸುತ್ತ, ಪೊಲೀಸರ ಕಣ್ಣು ತಪ್ಪಿಸುತ್ತ ಕಳೆದ ಸಂಸಾರ. 1925ರಲ್ಲಿ ತೋಶಿಕೊ ತೀರಿಕೊಂಡರು. 1927ರಲ್ಲಿ ನಾಕಾಮುರಾಯಾ ಊಟದ ವಿಭಾಗ ತೆರೆದಾಗ ನಮ್ಮ ಕಡೆಯ ನಿಜವಾದ ಅಡುಗೆ ಇಡೋಣ ಎಂದು ಅಳಿಯ ಹೇಳಿಕೊಟ್ಟ ಪಾಕವೇ ಇಂದಿಗೂ ಮಾರಾಟವಾಗುವ ಈ ಕರಿ. ಬೋಸ್ 1945ರ ಜನವರಿಯಲ್ಲಿ ಟೋಕಿಯೊದಲ್ಲೇ ತೀರಿಕೊಂಡರು. ತಾಯ್ನಾಡಿಗೆ ಮರಳಲು ಆಗಲಿಲ್ಲ. ಉಡುಪಿ ಕಡೆಯ ಹುಡುಗರು ಮುಂಬೈಗೆ ಬಂದು ಇಡ್ಲಿ ಸಾಂಬಾರನ್ನು ಆ ಊರಿನ ಊಟ ಮಾಡಿದ್ದನ್ನು ನೋಡಿ ಬೆಳೆದವನು ನಾನು. ಅದಕ್ಕೇ ಏನೋ, ಆ ತಟ್ಟೆಯ ಮುಂದೆ ಮಾತು ಕಡಿಮೆಯಾಯಿತು.

ಶಿಂಜುಕುವಿನಿಂದ ಮರುನೊಉಚಿ ಲೈನಿನ ಮೆಟ್ರೋದಲ್ಲಿ ನಾಲ್ಕನೆಯ ನಿಲ್ದಾಣ ಹಿಗಾಶಿ ಕೋಎಂಜಿ. ಅಲ್ಲಿಂದ ಸ್ವಲ್ಪ ನಡೆದರೆ ಮನೆಗಳ ನಡುವೆ ರೆಂಕೋಜಿ ಎಂಬ ಪುಟ್ಟ ಬೌದ್ಧ ದೇವಸ್ಥಾನ. ಅಂಗಳದಲ್ಲಿ ಸೈನಿಕ ಉಡುಪಿನ ನೇತಾಜಿ ಸುಭಾಷ್ ಚಂದ್ರ ಬೋಸರ ಎದೆಮಟ್ಟದ ಪ್ರತಿಮೆ. 1945ರ ಆಗಸ್ಟ್ 18ರಂದು ತೈಪೆಯ ವಿಮಾನ ಅಪಘಾತದ ನಂತರ ತಂದ ಚಿತಾಭಸ್ಮವನ್ನು ಅದೇ ಸೆಪ್ಟೆಂಬರಿನಲ್ಲಿ ಈ ದೇವಸ್ಥಾನದ ಅರ್ಚಕರು ಒಪ್ಪಿಕೊಂಡರು. ಸೋತ ಊರಿನಲ್ಲಿ, ಅಮೆರಿಕನ್ ಸೈನ್ಯ ಬಂದಿಳಿದ ದಿನಗಳಲ್ಲಿ, ಅದು ಸಣ್ಣ ಧೈರ್ಯವಲ್ಲ. ಭಸ್ಮ ನಿಜವಾಗಿ ನೇತಾಜಿಯದೇ ಎಂಬ ಬಗ್ಗೆ ನಮ್ಮಲ್ಲಿ ಆಯೋಗಗಳೇ ಬೇರೆ ಬೇರೆ ಮಾತು ಹೇಳಿವೆ. ನೆಹರೂ, ರಾಜೇಂದ್ರ ಪ್ರಸಾದ್, ಇಂದಿರಾ ಗಾಂಧಿ, ವಾಜಪೇಯಿ, ಎಲ್ಲರೂ ಇಲ್ಲಿಗೆ ಬಂದು ಹೋಗಿದ್ದಾರೆ. ಭಸ್ಮವನ್ನು ಒಯ್ಯುವ ತೀರ್ಮಾನ ಮಾತ್ರ ಯಾವ ಸರಕಾರವೂ ಮಾಡಲಿಲ್ಲ. ಒಂದು ಮನೆತನದ ಅರ್ಚಕರು ಬೇರೆ ದೇಶದವರ ಇಟ್ಟ ಗಂಟನ್ನು ಇಷ್ಟು ವರ್ಷ ಕಾದುಕೊಂಡಿದ್ದಾರೆ. ಪ್ರತಿ ಆಗಸ್ಟ್ 18ಕ್ಕೆ ಪೂಜೆ ನಡೆಯುತ್ತದೆ.

ಇಲ್ಲಿಯವರೆಗಿನ ಕತೆ ಕೇಳಲು ಚೆಂದ. ಕೊನೆಯ ಜಾಗದಲ್ಲಿ ಹಾಗಲ್ಲ. ಕುದಾನ್ ಗುಡ್ಡದ ಮೇಲಿನ ಯಾಸುಕುನಿ ಗುಡಿ ಜಪಾನಿಗಾಗಿ ಸತ್ತ ಸೈನಿಕರದ್ದು. 1978ರಿಂದ ಯುದ್ಧಾಪರಾಧಿಗಳೆಂದು ತೀರ್ಪಾದ 14 ಮಂದಿ ನಾಯಕರನ್ನೂ ಅಲ್ಲಿ ಸೇರಿಸಿ ಪೂಜಿಸುವುದರಿಂದ ಚೀನಾ, ಕೊರಿಯಾಗಳಿಗೆ ಈ ಗುಡಿಯ ಹೆಸರೆತ್ತಿದರೇ ಸಿಟ್ಟು. ಅದರ ಆವರಣದಲ್ಲಿ ಯುದ್ಧ ವಸ್ತುಸಂಗ್ರಹಾಲಯದ ಬಳಿ 2005ರಲ್ಲಿ ನಿಲ್ಲಿಸಿದ ಒಂದು ಸ್ಮಾರಕದಲ್ಲಿ ಭಾರತೀಯರೊಬ್ಬರ ಚಿತ್ರವಿದೆ. ನ್ಯಾಯಮೂರ್ತಿ ರಾಧಾಬಿನೋದ್ ಪಾಲ್. 1946ರಿಂದ 1948ರವರೆಗೆ ನಡೆದ ಟೋಕಿಯೊ ವಿಚಾರಣೆಯ ಹನ್ನೊಂದು ನ್ಯಾಯಾಧೀಶರಲ್ಲಿ, ಎಲ್ಲ ಆರೋಪಿಗಳೂ ನಿರ್ದೋಷಿಗಳು ಎಂದು ಸಾವಿರ ಪುಟಕ್ಕೂ ಮೀರಿದ ಭಿನ್ನ ತೀರ್ಪು ಬರೆದವರು ಇವರೊಬ್ಬರೇ. ಗೆದ್ದವರು ಕೂತು ಸೋತವರ ವಿಚಾರಣೆ ಮಾಡುವ ಕೋರ್ಟಿಗೆ ಕಾನೂನಿನ ಬಲವಿಲ್ಲ ಎಂಬುದು ಅವರ ವಾದ. ಜಪಾನಿ ಸೈನ್ಯ ನಡೆಸಿದ ಕ್ರೌರ್ಯಗಳು ನಡೆದೇ ಇಲ್ಲ ಎಂದು ಅವರು ಹೇಳಲಿಲ್ಲ. ನಾನ್‌ಜಿಂಗಿನಲ್ಲಿ ಆದದ್ದನ್ನು ಅವರೂ ಒಪ್ಪಿದ್ದರು. ಆದರೆ ಸ್ಮಾರಕ ಕಟ್ಟಿದವರಿಗೆ ಬೇಕಾದದ್ದು ತೀರ್ಪಿನ ಮೊದಲ ಅರ್ಧ ಮಾತ್ರ.

“ಮಾವ, ಇಲ್ಲಿ ನಮ್ಮವರನ್ನು ನೋಡಿ ಖುಷಿ ಪಡಬೇಕಾ ಬೇಡವಾ ಅಂತ ನನಗೆ ಯಾವಾಗಲೂ ಗೊತ್ತಾಗುವುದಿಲ್ಲ” ಎಂದ ಅಳಿಯ. ಅವನ ಆಫೀಸಿನಲ್ಲಿ ಚೀನಾದವರೂ ಕೊರಿಯಾದವರೂ ಇದ್ದಾರೆ.

ಅವನ ಪ್ರಶ್ನೆಗೆ ಉತ್ತರ ಅಂಡಮಾನಿನಲ್ಲಿದೆ ಎಂದು ನನಗನ್ನಿಸುತ್ತದೆ. 1942ರ ಮಾರ್ಚಿನಿಂದ 1945ರವರೆಗೆ ಆ ದ್ವೀಪಗಳು ಜಪಾನಿ ಸೈನ್ಯದ ಕೈಯಲ್ಲಿದ್ದವು. 1943ರ ಡಿಸೆಂಬರ್ 30ರಂದು ನೇತಾಜಿ ಪೋರ್ಟ್ ಬ್ಲೇರಿನಲ್ಲಿ ಧ್ವಜ ಹಾರಿಸಿದ್ದು ನಾವು ಪಠ್ಯದಲ್ಲಿ ಓದುವ ಘಟನೆ. ಸರಿಯಾಗಿ ಒಂದು ತಿಂಗಳಿಗೆ, 1944ರ ಜನವರಿ 30ರಂದು, ಹಂಫ್ರೆಗಂಜ್‌ನಲ್ಲಿ ಗೂಢಚಾರರೆಂಬ ಸಂಶಯದ ಮೇಲೆ 44 ಮಂದಿ ಭಾರತೀಯರನ್ನು ಜಪಾನಿ ಸೈನಿಕರು ಗುಂಡಿಟ್ಟು ಕೊಂದರು. ವೈದ್ಯರೂ ಕವಿಯೂ ಆಗಿದ್ದ ದಿವಾನ್ ಸಿಂಗ್ ಕಾಲಾಪಾನಿ ಅದೇ ತಿಂಗಳು ಚಿತ್ರಹಿಂಸೆಗೆ ಬಲಿಯಾದರು. ಇದನ್ನು ಸ್ನೇಹದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. 1952ರಲ್ಲಿ ಭಾರತ ಬಿಟ್ಟುಕೊಟ್ಟ ಯುದ್ಧಪರಿಹಾರ ಕೇವಲ ಹಣದ ಮಾತಲ್ಲವೆಂದು ತಿಳಿಯಲು ಹಂಫ್ರೆಗಂಜ್ ಗೊತ್ತಿರಬೇಕು. ಪೆಟ್ಟೇ ಬೀಳದವರು ಬಿಟ್ಟುಕೊಟ್ಟದ್ದಲ್ಲ ಅದು. ಇದನ್ನು ಮರೆತರೆ ನಮ್ಮ ಉದಾರತೆಯ ತೂಕ ನಮಗೇ ತಿಳಿಯುವುದಿಲ್ಲ.

ಮುಲಾಜಿಲ್ಲದೆ ಮಾತಾಡಿದವರೂ ಇದ್ದರು. 1916ರಲ್ಲಿ ರವೀಂದ್ರನಾಥ ಠಾಕೂರರನ್ನು ಜಪಾನ್ ಅದ್ದೂರಿಯಾಗಿ ಸ್ವಾಗತಿಸಿತು. ಅವರು ವೇದಿಕೆ ಹತ್ತಿ ಯುರೋಪಿನ ಕುರುಡು ರಾಷ್ಟ್ರೀಯತೆಯನ್ನು ನಕಲು ಮಾಡಬೇಡಿ ಎಂದರು. ಉತ್ಸಾಹ ತಣ್ಣಗಾಯಿತು. 1938ರಲ್ಲಿ ಚೀನಾ ಯುದ್ಧವನ್ನು ಸಮರ್ಥಿಸಿ ಪತ್ರ ಬರೆದ ಜಪಾನಿ ಕವಿ ನೊಗುಚಿಗೆ ಅವರು ಕೊಟ್ಟ ಉತ್ತರವೂ ಅಷ್ಟೇ ನೇರ. ಜಪಾನನ್ನು ಪ್ರೀತಿಸಿದ್ದರಿಂದಲೇ ಠಾಕೂರರು ಹಾಗೆ ಹೇಳಿದರು.

ಜಪಾನೂ ಒಮ್ಮೆ ನಮಗೆ ಮುಖ ತಿರುಗಿಸಿದೆ. 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಹೊಸ ಸಾಲಗಳನ್ನು ನಿಲ್ಲಿಸಿತು. ಹಿರೋಶಿಮಾ, ನಾಗಸಾಕಿ ಕಂಡ ದೇಶ ಬೇರೆ ಏನು ಮಾಡೀತು. 2000ದಲ್ಲಿ ಪ್ರಧಾನಿ ಮೊರಿ ಭಾರತಕ್ಕೆ ಬಂದ ಮೇಲೆ ಬಿಗುವು ಸಡಿಲಿತು. ಮರುವರ್ಷ ನಿರ್ಬಂಧ ತೆಗೆದರು. 1991ರಲ್ಲಿ ನಮ್ಮ ಬೊಕ್ಕಸ ಬರಿದಾದಾಗ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಅಡವಿಟ್ಟಿದ್ದೆವು. ಚಿನ್ನ ಇಟ್ಟುಕೊಂಡು ಕೊಟ್ಟ ಸಾಲ ವ್ಯವಹಾರವೇ. ಆದರೂ ಆ ದಿನ ಬಾಗಿಲು ತೆರೆದಿದ್ದ ಮನೆಗಳು ಹೆಚ್ಚಿರಲಿಲ್ಲ.

ಈ ಸ್ನೇಹದ ಲಾಭವನ್ನು ನಾವು ಹೊರನಾಡ ಕನ್ನಡಿಗರು ದಿನಾ ಬಳಸುತ್ತೇವೆ. 2002ರ ಡಿಸೆಂಬರಿನಲ್ಲಿ ಓಡಾಟ ಶುರುಮಾಡಿದ ದೆಹಲಿ ಮೆಟ್ರೋಗೆ ದೊಡ್ಡ ಪಾಲು ಹಣ ಜಪಾನಿನ ದೀರ್ಘಾವಧಿ ಸಾಲದಿಂದ ಬಂತು. ಚೆನ್ನೈ ಮೆಟ್ರೋ, ಬೆಂಗಳೂರಿನ ನಮ್ಮ ಮೆಟ್ರೋದ ಮೊದಲ ಹಂತ, ಮುಂಬೈಯ ನೆಲದಡಿಯ ಮೂರನೆಯ ಲೈನು, ಇವಕ್ಕೂ ಜಪಾನಿನ ಸಾಲವಿದೆ. ಸಾಲ ತೀರಿಸುವುದು ನಮ್ಮ ಮಕ್ಕಳ ಕಾಲದವರೆಗೂ ನಡೆಯುತ್ತದೆ. ಹಾಗಾಗಿ ಆ ದೇಶದ ಜೊತೆಗಿನ ಸಂಬಂಧ ಹೇಗಿರಬೇಕೆಂಬ ಪ್ರಶ್ನೆ ದೆಹಲಿಯ ಅಧಿಕಾರಿಗಳಿಗೆ ಮಾತ್ರ ಬಿಟ್ಟದ್ದಲ್ಲ.

ಟೋಕಿಯೊಗೆ ಹೋಗುವವರಿಗೆ ಎರಡು ಮಾತು. ಉಯೆನೊ ಮೃಗಾಲಯಕ್ಕೆ ಸೋಮವಾರ ರಜೆ. ಉಯೆನೊ ಸ್ಟೇಷನ್ನಿನಲ್ಲಿ ಪಾರ್ಕ್ ಕಡೆಯ ಬಾಗಿಲಿನಿಂದ ಹೊರಬಂದರೆ ನಡೆದೇ ಹೋಗಬಹುದು. ರೆಂಕೋಜಿಯ ಒಳಕೋಣೆ ಎಲ್ಲ ದಿನ ತೆರೆದಿರುವುದಿಲ್ಲ, ಅಂಗಳದ ಪ್ರತಿಮೆಯನ್ನು ನೋಡಬಹುದು. ಸುತ್ತ ಮನೆಗಳಿವೆ, ದನಿ ತಗ್ಗಿಸಿ ಮಾತಾಡಿ.

ಹೋಗಲಾಗದ ಮುಂಬೈಯವರಿಗೆ ವರ್ಲಿಯಿದೆ. ಆ್ಯನಿ ಬೆಸೆಂಟ್ ರಸ್ತೆಯ ಬದಿಯಲ್ಲಿ ಬಿಳಿ ಗೋಡೆಯ ಜಪಾನಿ ಬೌದ್ಧ ಮಂದಿರ. 1931ರಲ್ಲಿ ಭಾರತಕ್ಕೆ ಬಂದು, ಮುಂದೆ ವಾರ್ಧಾದಲ್ಲಿ ಗಾಂಧೀಜಿಯ ಜೊತೆ ಇದ್ದ ಭಿಕ್ಷು ನಿಚಿದಾತ್ಸು ಫುಜಿಯವರ ಪಂಥಕ್ಕೆ ಸೇರಿದ್ದು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುತ್ತ ಎಷ್ಟೋ ಸಲ ಅದನ್ನು ನೋಡಿರುತ್ತೇವೆ. ಸಂಜೆ ಹೊತ್ತು ಒಳಗೆ ಹೋದರೆ ಭಿಕ್ಷು ದೊಡ್ಡ ನಗಾರಿ ಬಾರಿಸುತ್ತ ಪ್ರಾರ್ಥನೆ ಮಾಡುತ್ತಿರುತ್ತಾರೆ. ಬಂದವರ ಕೈಗೂ ಚರ್ಮ ಬಿಗಿದ ಒಂದು ಕೈಬಡಿಗೆಯ ವಾದ್ಯ ಸಿಗುತ್ತದೆ. ತಾಳ ತಪ್ಪಿದರೂ ಯಾರೂ ಏನೂ ಅನ್ನುವುದಿಲ್ಲ.